ಮುರ್ತುಜಸಾಬನ ಖೋಲಿ

ತೀರಿಕೊಂಡ ಅಬ್ಬಾನ ಮಯ್ಯತ್ತಿನ ಸ್ನಾನಕ್ಕೆಂದು ಕಾಯಿಸಿದ ನೀರನ್ನು ನರ್ಗೀಸ ಹಂಡೆಯಿಂದ ಬಕೀಟಿಗೆ ಸುರಿಯುತ್ತಿದ್ದಾಗ ಹಿತ್ತಲ ಬಾಗಿಲಿಗೆ ನೀಲಪ್ಪ ಬಂದು ನಿಂತ. ಬೆಳಗಿನಿಂದ ಮುಂಬಾಗಿಲಲ್ಲಿದ್ದು ಬಂದವರಿಗೆಲ್ಲ ಕೂರಲು ಜಾಗ ಮಾಡಿಕೊಡುತ್ತಿದ್ದ ಮನುಷ್ಯ. ಅಬ್ಬಾನ ಹಳೆಯ ಜೊತೆಗಾರ. ಈಗ ಹಿತ್ತಲಿಗೆ ಯಾಕೆ ಬಂದನೆಂದು ಅವಳು ಕೈ ತಡೆದು ನೋಡಿದಳು.

"ಹೇಳಬಾರದ ಹೊತ್ತಿನ್ಯಾಗ ಹೇಳಾಕತ್ತೇನಿ ಯವ್ವಾ," ಎಂದ. "ಶ್ರೀಶೈಲ ಇವತ್ತ ಖೋಲಿ ಕೆಡವತಾನಂತ. ಮಧ್ಯಾಹ್ನ ಟ್ರ್ಯಾಕ್ಟರ್ ಬರತೈತಿ. ಫ್ಯಾಕ್ಟರಿ ಒಳಗ ಕಲ್ಲ ತಿಕ್ಕೂ ಅಫ್ಸರ ಫೋನ್ ಮಾಡಿ ಹೇಳಿದ."

ಅಬ್ಬಾ ತೀರಿಕೊಂಡದ್ದು ನಸುಕಿನಲ್ಲಿ. ಆ ಸುದ್ದಿ ಹುನಗುಂದ ರಸ್ತೆಯ ಕಲ್ಲು ಪಾಲಿಶ್ ಫ್ಯಾಕ್ಟರಿ ಮುಟ್ಟಿ, ಅಲ್ಲಿಂದ ಈ ಸುದ್ದಿ ಮನೆಗೆ ಬರಲು ಅರ್ಧ ದಿನವೂ ಬೇಕಾಗಲಿಲ್ಲ.

ಖೋಲಿ ಎಂದರೆ ಫ್ಯಾಕ್ಟರಿಯ ಗೇಟಿನ ಪಕ್ಕದ ಒಂಟಿ ಕೋಣೆ. ತಗಡಿನ ಮಾಡು, ಎರಡು ಬೆಂಚು, ಒಂದು ನೀರಿನ ಕೊಡ. ಹಿಂದೊಮ್ಮೆ ಮುಷ್ಕರ ಮುಗಿದ ದಿನ ಹಳೆಯ ಮಾಲೀಕ ಊರ ಹಿರಿಯರ ಮುಂದೆ ಮಾತು ಕೊಟ್ಟಿದ್ದ: ಯೂನಿಯನ್ನಿನವರು ಎಲ್ಲಿಯತನಕ ಇಲ್ಲಿ ಕೂರುತ್ತಾರೋ ಅಲ್ಲಿಯತನಕ ಈ ಜಾಗ ಅವರದು. ಆ ಮಾಲೀಕ ಸತ್ತ. ಮಕ್ಕಳು ಫ್ಯಾಕ್ಟರಿಯನ್ನು ಬೇರೆಯವರಿಗೆ ಕೊಟ್ಟರು. ಪರ್ಮನೆಂಟ್ ಇದ್ದವರೆಲ್ಲ ಗುತ್ತಿಗೆಯ ಆಳುಗಳಾದರು. ಗುತ್ತಿಗೆ ಹಿಡಿದ ಶ್ರೀಶೈಲನಿಗೆ ಲಾರಿ ತಿರುಗಿಸಲು ಆ ಜಾಗ ಬೇಕು. ಆದರೆ ಅವನು ಯಾವ ಬೆಳಿಗ್ಗೆ ನೋಡಿದರೂ ಬಾಗಿಲು ತೆರೆದಿರುತ್ತಿತ್ತು, ಬೆಂಚಿನ ಮೇಲೆ ನರ್ಗೀಸಳ ಅಬ್ಬಾ ಮುರ್ತುಜಸಾಬ ಕುಳಿತಿರುತ್ತಿದ್ದ. ರಂಜಾನ್ ಹಬ್ಬದ ದಿನವೂ ನಮಾಜು ಮುಗಿಸಿ ಬಂದು ಕೂರುತ್ತಿದ್ದ. ಕಲ್ಲಿನ ಧೂಳು ಕುಡಿದ ಎದೆ ಕೈಕೊಟ್ಟ ಮೇಲೆ, ಕಂಬಕ್ಕೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತ ನಡೆದಾದರೂ ಹೋಗುತ್ತಿದ್ದ.

"ಬಿಟ್ಟಬಿಡೂಣು ಯವ್ವಾ," ಎಂದ ನೀಲಪ್ಪ. "ಅಂವ ಹೋದಮ್ಯಾಲೆ ನಾಕ ಗ್ವಾಡಿ ಇಟಗೊಂಡು ಏನ್ ಮಾಡೂದು. ಉಳಿದಾವರು ನಾವು ಮೂರ್ನಾಕ ಮುದುಕರು. ನಾವಂತೂ ಅವನ ಮಣ್ಣಿಗೆ ಹೋಗಬೇಕು."

ನರ್ಗೀಸ ಬಕೀಟನ್ನು ಸ್ನಾನ ಮಾಡಿಸುವ ಗಂಡಸರ ಕಡೆಗೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ನೀವು ಮಣ್ಣಿಗೆ ಹೋಗ್ರಿ ಕಾಕಾ. ಖೋಲಿಗೆ ನಾ ಹೋಗ್ತೇನಿ."

ಸೋದರತ್ತೆ ತಸ್ಲೀಮಾ ಇದನ್ನು ಕೇಳಿ ಹಣೆ ಬಡಿದುಕೊಂಡಳು. ಮನೆಯಲ್ಲಿ ಅಪ್ಪನ ಮಯ್ಯತ್ತು ಇಟ್ಟುಕೊಂಡು ಹೆಣ್ಣುಮಗಳು ರಸ್ತೆಗೆ ಇಳಿದರೆ ಜಮಾತಿನವರು ಏನೆಂದಾರು, ನಾಳೆ ಯಾರಿಗೆ ಮುಖ ತೋರಿಸುವುದು ಎಂದು ಒಂದೇ ಸಮನೆ ಶುರುಮಾಡಿದಳು. ನರ್ಗೀಸ ತಾಯಿಯ ಕಡೆ ನೋಡಿದಳು.

ಮೌಲಾಬಿ ಗೋಡೆಗೆ ಒರಗಿ ಕುಳಿತಿದ್ದಳು. ಆ ಖೋಲಿಯನ್ನು ಕಂಡರೆ ಅವಳಿಗೆ ಜೀವಮಾನವಿಡೀ ಆಗುತ್ತಿರಲಿಲ್ಲ. ನನ್ನ ಸವತಿ ಎಂದೇ ಅದನ್ನು ಕರೆಯುತ್ತಿದ್ದಳು. ಈಗ ಎದ್ದು ಹೋಗಿ, ಗೂಟಕ್ಕೆ ತೂಗುಹಾಕಿದ್ದ ಗಂಡನ ಅಂಗಿಯ ಜೇಬಿನಿಂದ ಕೀಲಿ ತೆಗೆದು ಮಗಳ ಕೈಗಿಟ್ಟಳು.

"ಸವತಿ ಆದ್ರ ಏನಾತು," ಎಂದಳು. "ಇವತ್ತ ಅಕಿ ಮನ್ಯಾಗೂ ಯಾರರ ಒಬ್ರು ಇರಬೇಕಲ್ಲ. ಸ್ನಾನ ಆದಮ್ಯಾಲೆ ಮುಖಾ ನೋಡಿ ಹೋಗು. ನೀ ಹೊಳ್ಳಿ ಬರೂದ್ರಾಗ ಒಯ್ದಿರ್ತಾರ."

*

ಆ ಮುಷ್ಕರದ ಕಾಲಕ್ಕೆ ನರ್ಗೀಸ ಕನ್ನಡ ಸಾಲಿಗೆ ಹೋಗುತ್ತಿದ್ದ ಹುಡುಗಿ. ಮಧ್ಯಾಹ್ನ ರೊಟ್ಟಿಯ ಗಂಟು ಹೊತ್ತು ಗೇಟಿಗೆ ಹೋದರೆ ಅಲ್ಲಿ ಜಾತ್ರೆಯಂಥ ಗದ್ದಲ. ಕಲ್ಲು ಕೊಯ್ಯುವವರು, ಪಾಲಿಶ್ ಮಾಡುವವರು, ಲಾರಿಗೆ ಏರಿಸುವವರು, ಎಲ್ಲರೂ ಒಂದೇ ಚಪ್ಪರದ ಕೆಳಗೆ. ಅವರು ಕೇಳಿದ್ದು ದೊಡ್ಡದೇನೂ ಅಲ್ಲ. ಧೂಳು ಏಳದಂತೆ ಕಲ್ಲಿಗೆ ನೀರು ಬಿಡಬೇಕು, ಮೂಗಿಗೆ ಮುಸುಕು ಕೊಡಬೇಕು, ವರ್ಷಗಟ್ಟಲೆ ದುಡಿದವರನ್ನು ಕಾಯಂ ಮಾಡಬೇಕು. ಮೂರೂ ಸಿಕ್ಕವು. ಆಗ ಮೀಸೆ ಮೂಡುತ್ತಿದ್ದ ಶ್ರೀಶೈಲ, ಕಲ್ಲು ಕೊಯ್ಯುವ ಒಬ್ಬನ ಮಗ, ಎಲ್ಲರಿಗಿಂತ ಗಟ್ಟಿಯಾಗಿ ಘೋಷಣೆ ಕೂಗುತ್ತಿದ್ದ. ಹೊಸ ಖೋಲಿಗೆ ಸುಣ್ಣ ಬಳಿದವನೂ ಅವನೇ.

ಸಿಕ್ಕದ್ದು ಒಂದೇ ಸಲಕ್ಕೆ ಹೋಗಲಿಲ್ಲ, ಒಂದೊಂದಾಗಿ ಹೋಯಿತು. ಫ್ಯಾಕ್ಟರಿ ಕೆಲ ಕಾಲ ಮುಚ್ಚಿತು, ಬೇರೆ ಹೆಸರಿನಲ್ಲಿ ತೆರೆಯಿತು. ಗುತ್ತಿಗೆದಾರರ ಕೈಕೆಳಗೆ ಬರುವವರು ಬರಬಹುದು ಎಂದರು. ಹೊಟ್ಟೆ ಇದ್ದವರು ಹೋದರು, ಮುರ್ತುಜಸಾಬ ಅವರನ್ನು ಬೈಯಲಿಲ್ಲ. ತಾನು ಮಾತ್ರ ಹೋಗಲಿಲ್ಲ. ಅಂದಿನಿಂದ ಬೆಳಿಗ್ಗೆ ಖೋಲಿಯಲ್ಲಿ ಕೂರುವುದು, ಬಿಸಿಲೇರಿದ ಮೇಲೆ ಸಿಕ್ಕ ಕೂಲಿಗೆ ಹೋಗುವುದು. ಸಿಮೆಂಟಿನ ಚೀಲ ಇಳಿಸಿದ, ಮದುವೆಗಳಿಗೆ ಪೆಂಡಾಲು ಕಟ್ಟಿದ, ಸೀರೆ ಅಂಗಡಿಯೊಂದರ ಮುಂದೆ ಕಾವಲು ಕುಳಿತ. ಊರಲ್ಲಿ ಅವನನ್ನು ಹುಚ್ಚ ಎಂದವರೂ ಉಂಟು.

*

ನರ್ಗೀಸ ಬಾಗಿಲು ತೆರೆದು, ಬೆಂಚು ಒರೆಸಿ, ಕೊಡದಲ್ಲಿ ನೀರು ತುಂಬಿಸಿ ಕುಳಿತ ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಹಾರೆ, ಸಲಿಕೆ, ನಾಲ್ವರು ಕೂಲಿಯವರು. ಹಿಂದಿನಿಂದ ಮೋಟರ್ ಸೈಕಲ್ ಮೇಲೆ ಶ್ರೀಶೈಲ. ಒಳಗೆ ಅವಳನ್ನು ಕಂಡು ಅವನು ಗಾಡಿಯಿಂದ ಇಳಿಯುವುದನ್ನೇ ಮರೆತು ಕುಳಿತ.

"ಇವತ್ತರ ನೀ ಮನ್ಯಾಗಿರಬೇಕಿತ್ತು ನರ್ಗೀಸ," ಎಂದ ಕೊನೆಗೆ. ದನಿ ಮೆತ್ತಗಿತ್ತು. "ನಿಮ್ಮಪ್ಪನ ಮ್ಯಾಲೆ ನಂದೇನ ಸಿಟ್ಟಿಲ್ಲ. ಈ ಖೋಲಿಗೆ ಸುಣ್ಣಾ ಹಚ್ಚಿದಾಂವನ ನಾ."

"ಹಚ್ಚಿದವರ ಕೆಡವಾಕ ಬಂದೀರಿ."

"ಕಾಲ ಬದಲಾಗೇತಿ ತಂಗಿ. ಈಗ ಯೂನಿಯನ್ ಎಲ್ಲೈತಿ? ತೋರಸು ನೋಡೂಣು."

"ಇಲ್ಲೇ ಕುಂತೇನಲ್ರಿ."

"ನೀ ಒಬ್ಬಾಕಿ."

"ನಿನ್ನೀತನಕ ಅಬ್ಬಾನೂ ಒಬ್ಬಾಂವನ ಇದ್ದ. ನಿಮಗ ಕೆಡವಾಕ ಆಗಲಿಲ್ಲಲ್ಲ."

ಶ್ರೀಶೈಲ ಕೂಲಿಯವರಿಗೆ ಮಾಡು ಬಿಚ್ಚಲು ಹೇಳಿದ. ಅವರಲ್ಲಿ ವಯಸ್ಸಾದವನು ಹಾರೆಯನ್ನು ಮತ್ತೆ ಟ್ರೇಲರಿನೊಳಗಿಟ್ಟ. ಸಾವಾದ ಮನೆಯ ಹೆಣ್ಣುಮಗಳು ಒಳಗೆ ಕುಳಿತಿರುವಾಗ ತನ್ನ ಕೈ ಏಳುವುದಿಲ್ಲ, ಅವಳು ಎದ್ದು ಹೊರಗೆ ಬಂದರೆ ನೋಡೋಣ ಎಂದು ಹೇಳಿ ಬೇವಿನ ಗಿಡದ ನೆರಳಿಗೆ ಹೋದ. ಉಳಿದವರೂ ಅವನ ಹಿಂದೆ ಹೋದರು. ಡ್ರೈವರ್ ಇಂಜಿನ್ ಆರಿಸಿದ. ಮಯ್ಯತ್ತು ಎತ್ತಿದ ಮೇಲೆ ತಾನಾಗಿಯೇ ಅಳುತ್ತ ಮನೆಗೆ ಓಡುತ್ತಾಳೆ, ಕಾಯೋಣ ಎಂದು ಶ್ರೀಶೈಲ ಅವಳಿಗೂ ಕೇಳುವಂತೆ ಅವರಿಗೆ ಹೇಳಿದ.

ಅಳು ಬಂದಿತ್ತು. ನರ್ಗೀಸ ಬೆಂಚು ಬಿಟ್ಟು ಏಳಲಿಲ್ಲ.

*

ಹೋದ ವರ್ಷ ಇದೇ ಬೆಂಚಿನ ಮುಂದೆ ನಿಂತು ಅವಳು ಅಪ್ಪನ ಮೇಲೆ ಕೂಗಾಡಿದ್ದಳು. ಖಾಸಗಿ ದವಾಖಾನೆಯೊಂದರಲ್ಲಿ ನೆಲ ಒರೆಸುವ, ಹಾಸಿಗೆ ಬದಲಿಸುವ ಕೆಲಸ ಅವಳದು. ಜ್ವರ ಬಂದು ಒಂದು ವಾರ ಮಲಗಿ ಎದ್ದು ಹೋದರೆ ಅವಳ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಳು. ಕೆಲಸಕ್ಕಿಟ್ಟ ಏಜೆನ್ಸಿಯವರು ದವಾಖಾನೆಯನ್ನು ಕೇಳು ಎಂದರು, ದವಾಖಾನೆಯವರು ಏಜೆನ್ಸಿಯನ್ನು ಕೇಳು ಎಂದರು. ಅವಳು ನೆಟ್ಟಗೆ ಖೋಲಿಗೆ ಬಂದಿದ್ದಳು.

"ನಿನ್ನ ಯೂನಿಯನ್ ನನಗೇನ್ ಮಾಡ್ತು ಅಬ್ಬಾ? ಊರ ಮಂದಿಗೆಲ್ಲಾ ಬಡದಾಡಿದಿ. ಸೋತ ಮ್ಯಾಲೂ ಇಲ್ಲಿ ಕುಂತು ಯಾರನ್ನ ಕಾಯ್ತಿ?"

ಮುರ್ತುಜಸಾಬ ಕೆಮ್ಮು ಇಳಿದ ಮೇಲೆ ಕೊಡದಿಂದ ನೀರು ಬಗ್ಗಿಸಿ ಅವಳಿಗೆ ಕೊಟ್ಟ.

"ಸೋತೇವಿ ಖರೆ," ಎಂದ. "ಆದ್ರ ಸೋತೇನಿ ಅಂತ ಯಾರ ಮುಂದೂ ಒಪ್ಪಿಲ್ಲ ನಾ. ಬಾಗ್ಲಾ ಹಾಕಿದ್ನೆಂದ್ರ ಒಪ್ಪಿದಂಗ."

ಮರುದಿನ ಅವಳ ಜೊತೆಗೆ ಏಜೆನ್ಸಿಗೆ ಹೊರಟ. ಅಲ್ಲಿನ ಮೆಟ್ಟಿಲು ಹತ್ತಲಾಗದೆ ಕೆಳಗೆಯೇ ಕುಳಿತು, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಮಗಳ ಕತೆ ಹೇಳಿದ. ಸಂಜೆಯ ಹೊತ್ತಿಗೆ ಅವರಿಗೇ ಸಾಕಾಗಿ ಅವಳನ್ನು ಕೆಲಸಕ್ಕೆ ಕರೆದರು.

*

ಮಧ್ಯಾಹ್ನದ ಜೋಹರ್ ನಮಾಜು ಮುಗಿದ ಮೇಲೆ ರಸ್ತೆಯ ತಿರುವಿನಲ್ಲಿ ಮಯ್ಯತ್ತು ಹೊತ್ತವರು ಹೇಳುವ ಕಲಿಮಾ ಕೇಳಿಸಿತು. ಖಬರಸ್ತಾನಕ್ಕೆ ಹತ್ತಿರದ ದಾರಿ ಊರೊಳಗಿಂದ ಇತ್ತು. ನೀಲಪ್ಪ ಏನು ಹೇಳಿದ್ದನೋ, ಯಾರನ್ನು ಒಪ್ಪಿಸಿದ್ದನೋ, ಅಬ್ಬಾನನ್ನು ಹೊತ್ತ ಜನಾಜಾ ಫ್ಯಾಕ್ಟರಿಯ ರಸ್ತೆ ಹಿಡಿದು ಬರುತ್ತಿತ್ತು. ಹಿಂದೆ ಬಂದವರು ಕೆಲವೇ ಮಂದಿ, ಅವರಲ್ಲೂ ಹೆಚ್ಚಿನವರು ಮುದುಕರು. ಹೆಗಲು ಬದಲಿಸಿಕೊಳ್ಳಲು ಜನ ಸಾಲದೆ ನೀಲಪ್ಪ ಏದುಸಿರು ಬಿಡುತ್ತಿದ್ದ.

ನರ್ಗೀಸ ಹೊಸ್ತಿಲಲ್ಲಿ ಎದ್ದು ನಿಂತಳು. ಮನೆಯಲ್ಲಿ ಕಡೆಯ ಸಲ ಎಂದು ನೋಡಿ ಬಂದಿದ್ದ ಅಪ್ಪ ಈಗ ಮತ್ತೆ ಕಣ್ಣ ಮುಂದೆ ಹಾಯುತ್ತಿದ್ದ. ಒಳಗಿನ ಯಂತ್ರಗಳ ಸದ್ದಿನಲ್ಲಿ ಕಲಿಮಾ ಅರ್ಧ ಮುಳುಗಿತ್ತು.

ಆಗ ಅಫ್ಸರ ಗೇಟಿನಿಂದ ಹೊರಗೆ ಬಂದ. ಮೊಣಕೈತನಕ ಕಲ್ಲಿನ ಕೆಸರು. ಕೈಯನ್ನು ಅಂಗಿಗೆ ಒರೆಸುತ್ತ ಓಡಿಹೋಗಿ ನೀಲಪ್ಪನ ಹೆಗಲಿನ ಭಾರ ತನ್ನ ಹೆಗಲಿಗೆ ತೆಗೆದುಕೊಂಡ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಮೂವರು. ಶ್ರೀಶೈಲ ಮೋಟರ್ ಸೈಕಲ್ಲಿನಿಂದ ಇಳಿದು, ಗೇಟು ದಾಟಿದವರು ನಾಳೆ ಬರುವುದು ಬೇಡ ಎಂದು ಕೂಗಿದ. ಒಂದಿಬ್ಬರು ನಿಂತರು. ಉಳಿದವರು ನಿಲ್ಲಲಿಲ್ಲ. ಯಂತ್ರಗಳು ಒಂದರ ಹಿಂದೊಂದು ಸುಮ್ಮನಾದವು. ಕಲಿಮಾ ಮಾತ್ರ ಉಳಿಯಿತು. ಒಬ್ಬರಿಗೊಬ್ಬರು ಮಾತಾಡಬಾರದೆಂದು ಬೇರೆ ಬೇರೆ ಶೆಡ್ಡುಗಳಲ್ಲಿ ದುಡಿಸುತ್ತಿದ್ದ ಜನ ಮುರ್ತುಜಸಾಬನ ಕೆಳಗೆ ಹೆಗಲಿಗೆ ಹೆಗಲು ತಾಗಿಸಿಕೊಂಡು ಹೋದರು. ಹೆಗಲು ಕೊಡುವವರು ಹೆಚ್ಚಾಗಿ ಈಗ ಹೊತ್ತವನಿಗೆ ಹತ್ತು ಹೆಜ್ಜೆಗಿಂತ ಹೆಚ್ಚು ಸಿಗುತ್ತಿರಲಿಲ್ಲ.

ನರ್ಗೀಸ ಮನೆಗೆ ಓಡಲಿಲ್ಲ. ಜನಾಜಾ ಕಣ್ಮರೆಯಾಗುವತನಕ ನಿಂತಿದ್ದು, ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು ಮನಸಾರೆ ಅತ್ತಳು. ಬೇವಿನ ಕೆಳಗಿನ ಕೂಲಿಯವರು ಬೇರೆ ಕಡೆ ಮುಖ ತಿರುಗಿಸಿದರು.

ಮಣ್ಣು ಮಾಡಿದವರು ಹೊತ್ತು ಇಳಿಯುವಾಗ ಬಂದರು. ಮೊದಲು ನೀಲಪ್ಪ, ಆಮೇಲೆ ಅಫ್ಸರ, ಹಿಂದಿನಿಂದ ಗುಂಪು. ಬೆಂಚು ತುಂಬಿತು, ನೆಲ ತುಂಬಿತು, ಹೊಸ್ತಿಲ ಮೇಲೂ ಕುಳಿತರು. ನರ್ಗೀಸ ಎಲ್ಲರಿಗೂ ನೀರು ಕೊಟ್ಟಳು.

"ಕೆಲಸಾ ಹೋತು ಅಂತ ಮನಿಗೆ ಹೋಗಿ ಹ್ಯಾಂಗ ಹೇಳೂದು," ಎಂದ ಅಫ್ಸರ, ತಲೆ ತಗ್ಗಿಸಿಕೊಂಡೇ. "ಇಲ್ಲಿ ಬಾಗ್ಲಾ ತೆರದಿತ್ತು. ಬಂದೇವಿ."

"ಇಷ್ಟೂ ಮಂದೀನ ಬಿಟ್ಟು ನಾಳೆ ಯಾರ ಕಡಿಂದ ಕಲ್ಲ ತಿಕ್ಕಸ್ತಾನ ಅಂವ?" ಎಂದು ಮೂಲೆಯಿಂದ ಒಬ್ಬ ಕೇಳಿದ. ಅದಕ್ಕೆ ಇನ್ನೊಬ್ಬ ಏನೋ ಅಂದ. ಬೇರೆ ಊರಿನಿಂದ ತರುತ್ತಾನೆ ಎಂದ ಮತ್ತೊಬ್ಬ. ಹಾಗಾದರೆ ಗೇಟಿನಲ್ಲಿ ಅವರ ಜೊತೆಗೂ ಮಾತಾಡೋಣ ಎಂದ ನೀಲಪ್ಪ. ಮಾತು ಬೆಳೆಯತೊಡಗಿತು. ಅಫ್ಸರ ನರ್ಗೀಸಳ ಕಡೆ ತಿರುಗಿ ನಾಳೆ ಖೋಲಿ ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಎಂದು ಕೇಳಿದ.

"ಎಂಟಕ್ಕ," ಎಂದಳು. "ಒಂಬತ್ತಕ್ಕ ನನ್ನ ಡ್ಯೂಟಿ. ಆಮ್ಯಾಲೆ ಯಾರರ ಒಬ್ರು ಕುಂದರ್ರಿ."

ಹೊರಗೆ ಗೋಡೆಗೂ ಟ್ರ್ಯಾಕ್ಟರಿಗೂ ನಡುವಿನ ದಾರಿಯ ತುಂಬ ಗೋರಿಯ ಮಣ್ಣು ಮೆತ್ತಿದ ಚಪ್ಪಲಿಗಳು ಹರಡಿದ್ದವು. ಅವುಗಳ ಆಚೆ ಶ್ರೀಶೈಲ ಒಂದೇ ಸಮನೆ ಯಾರಿಗೋ ಫೋನ್ ಮಾಡುತ್ತಿದ್ದ. ಬೇವಿನ ಕೆಳಗೆ ಈಗ ಕೂಲಿಯವರೂ ಇರಲಿಲ್ಲ, ಡ್ರೈವರನೂ ಇರಲಿಲ್ಲ. ಟ್ರ್ಯಾಕ್ಟರಿನ ಖಾಲಿ ಸೀಟಿನ ಮೇಲೆ ಡ್ರೈವರನ ಫೋನು ಬಡಿದುಕೊಂಡು, ನಿಂತು, ಮತ್ತೆ ಬಡಿದುಕೊಳ್ಳುತ್ತಿತ್ತು.