ಕಂಕುಳ ಬಿಸಿ

ಎಸಿ ಗಾಳಿ ನೇರ ಕುತ್ತಿಗೆಗೇ ಬಡಿಯುತ್ತಿದೆ, ಹೊರಗೆ ಪುಣೆ ಏಪ್ರಿಲ್ಲಿಗೆ ಬೇಯುತ್ತಿದ್ದರೂ ಸೂಕ್ಷ್ಮದರ್ಶಕದ ಕೋಣೆಯಲ್ಲಿ ಸ್ವೆಟರ್ ಬೇಕು — ಶಾಲ್ಮಲಿ ಕಣ್ಣು ಕೀಲಿಸಿದ್ದಾಳೆ, ಮೊದಲ ತಟ್ಟೆ, ಕೋಳಿ ಭ್ರೂಣದ ನರಕೋಶ, ಅದರ ಬೆಳೆಯುವ ತುದಿಯಲ್ಲಿ ಒಂದು ಅಂಗೈ, ಅಂಗೈಯಿಂದ ಆಕ್ಟಿನ್ ಎಂಬ ಪ್ರೋಟೀನಿನ ಕೆಂಪು ಬೆರಳುಗಳು, ದಾರಿ ತಡಕುವವು ಅವೇ, ಹಿಂದಿನಿಂದ ಬರುವ, ಟ್ಯೂಬುಲಿನ್ ಎಂಬ ಇನ್ನೊಂದು ಪ್ರೋಟೀನಿನ ಹಸಿರು ಎಳೆಗಳು ಯಾವ ಬೆರಳೊಳಗೆ ನುಗ್ಗುತ್ತವೋ ನರ ಆ ಕಡೆಗೆ ಬೆಳೆಯುತ್ತದೆ, ಎರಡನ್ನೂ ಬೆಸೆಯುವ ಮೂರನೇ ಪ್ರೋಟೀನು ತೆಗೆದರೆ ಎಳೆ ನುಗ್ಗದೆ ಮಣಿಕಟ್ಟಿನಲ್ಲೇ ಸುರುಳಿ ಸುತ್ತುತ್ತದೆ, ಇಷ್ಟೇ ಅವಳ ನಾಲ್ಕು ವರ್ಷದ ಪಿಎಚ್‌ಡಿ, ಇಷ್ಟನ್ನೂ ಕಿರಿಯ ಸೌಮಿತ್ರನ ತಟ್ಟೆಗಳು ಎರಡು ತಿಂಗಳಿಂದ ಸುಳ್ಳು ಅನ್ನುತ್ತಿದ್ದವು, ಆ ಪ್ರೋಟೀನು ಇದ್ದಲ್ಲೂ ಇಲ್ಲದಲ್ಲೂ ಎಳೆಗಳು ಒಂದೇ ಥರ ಚೂರು ಚೂರು. ಮಾರ್ಗದರ್ಶಕ ಪರಾಂಜಪೆ ಸರ್ ಚಹಾ ಊದುತ್ತ, ಇನ್ನೊಬ್ರ ಕೈಲಿ ಬರಲ್ಲ ಅಂದ್ರೆ ಅದು ಫಲಿತಾಂಶ ಅಲ್ಲ ಶಾಲ್ಮಲಿ, ನಿನ್ನ ಅದೃಷ್ಟ, ನೀನು ಪಕ್ಕದಲ್ಲಿ ನಿಲ್ಲಬೇಡ, ನಿನ್ನ ಟಿಪ್ಪಣಿ ನೋಡ್ಕೊಂಡು ಅವನೊಬ್ಬನೇ ಮಾಡ್ಲಿ, ಈ ತಿಂಗಳೂ ಬರ್ಲಿಲ್ಲ ಅಂದ್ರೆ ಪ್ರಬಂಧದಿಂದ ಆ ಅಧ್ಯಾಯ ತೆಗಿ — ತೆಗೆದರೆ ಉಳಿಯುವುದು ಪೀಠಿಕೆ ಮಾತ್ರ. ಅಮ್ಮ, ಅವಳ ಆಯಿ, ಫೋನಿನಲ್ಲಿ, ಆ ಕೋಳಿಮರಿ ನರ ಇನ್ನೂ ಬೆಳೀಲಿಲ್ವೇನೇ, ಇಷ್ಟೊತ್ತಿಗೆ ಮರಿ ದೊಡ್ಡದಾಗಿ ಮೊಟ್ಟೆ ಇಟ್ಟಿರೋದು. ಶಾಲ್ಮಲಿಗೇ ತನ್ನ ಮೇಲೆ ಅನುಮಾನ ಹತ್ತಿತ್ತು, ಬೇಕಾದ್ದನ್ನೇ ಎಣಿಸಿದೆನಾ, ಚೆಂದ ಕಂಡ ಕೋಶಗಳನ್ನೇ ಆರಿಸಿದೆನಾ, ಬೇರೆಯವರ ಎದುರು ಮಾತ್ರ ಸೌಮಿತ್ರನ ಕೈ ಮೇಲೆ ತಪ್ಪು ಹೊರಿಸಿದ್ದಳು, ಹೇಸಿಗೆ ಕೆಲಸ. ನಿನ್ನೆ, ಮರೆತಿದ್ದ ಕನ್ನಡಕಕ್ಕೆಂದು ಲ್ಯಾಬಿನೊಳಗೆ ಬಂದಿದ್ದಳು, ಸೌಮಿತ್ರ ಕೋಶಗಳನ್ನು ಇದ್ದ ಭಂಗಿಯಲ್ಲೇ ನಿಲ್ಲಿಸುವ ದ್ರಾವಣವನ್ನು ಫ್ರಿಜ್ಜಿನಿಂದ ತೆಗೆದು ನೇರ ಸುರಿಯುತ್ತಿದ್ದ, ತಣ್ಣಗೆ, ಮಂಜಿನಂತೆ. ಏ, ಕಂಕುಳಲ್ಲಿ ಇಟ್ಕೊಳ್ಳಲ್ವೇನೋ. ಯಾವ ಕಂಕುಳು ಅಕ್ಕ, ನೀವು ಬರೆದಿರೋದು ದ್ರಾವಣ ಹಾಕಿ ಅಂತ ಅಷ್ಟೇ. ಅಷ್ಟೇ ಬರೆದಿದ್ದಳು. ದ್ರಾವಣದ ಮುಚ್ಚಿದ ಕೊಳವೆಯನ್ನು ಬಿಸಿಯಾಗಲೆಂದು ಕಂಕುಳಲ್ಲಿ ಸಿಕ್ಕಿಸಿಕೊಂಡು ಹತ್ತು ನಿಮಿಷ ಓಡಾಡುವುದು ಹಿರಿಯರನ್ನು ನೋಡಿ ಮೈಗೆ ಹತ್ತಿದ್ದು, ಅದನ್ನು ಯಾರು ಬರೆಯುತ್ತಾರೆ, ಚಳಿಗೆ ಟ್ಯೂಬುಲಿನ್ ಎಳೆಗಳು ಚೂರಾಗುತ್ತವೆಂದು ಪಠ್ಯದಲ್ಲೇ ಇದೆ, ಇಬ್ಬರೂ ಅದನ್ನೇ ಓದಿ ಪರೀಕ್ಷೆ ಪಾಸಾದವರು. ಇವತ್ತು ಬೆಳಿಗ್ಗೆ ಅವನೇ ಕಂಕುಳಲ್ಲಿಟ್ಟು, ಅವನೇ ಸುರಿದು, ತಟ್ಟೆಗಳ ಹೆಸರು ಮುಚ್ಚಿ ನಂಬರು ಅಂಟಿಸಿದ್ದಾನೆ, ಬೆಸೆಯುವ ಪ್ರೋಟೀನು ಯಾವುದರಲ್ಲಿದೆ ಯಾವುದರಲ್ಲಿಲ್ಲ ಎಂದು ಬರೆದ ಚೀಟಿ ಹಿಡಿದು ಬೆನ್ನ ಹಿಂದೆ ನಿಂತಿದ್ದಾನೆ, ಹೇಳಿ ಅಕ್ಕ. ಒಂದು, ನುಗ್ಗಿದೆ. ಎರಡು, ಸುರುಳಿ. ಮೂರು, ಸುರುಳಿ. ನಾಲ್ಕು — ನುಗ್ಗಿದೆ. ಚೀಟಿಯ ಸದ್ದು. ನಾಲ್ಕೂ ಸರಿ ಅಕ್ಕ, ನನ್ನ ಕಂಕುಳಿಗೂ ಲೇಖನದಲ್ಲಿ ಹೆಸರು ಹಾಕಿ. ಅವಳು ನಗಲು ಹೋದರೆ ಮೂಗು ಸೋರುತ್ತದೆ, ತಪ್ಪು ನಂದೇ ಕಣೋ ಸೌಮಿತ್ರ ಅಂದಳು, ಎಲ್ಲರೆದುರೂ ಅನ್ನಬೇಕು, ಸರ್‌ಗೆ ಹೇಳಬೇಕು, ಟಿಪ್ಪಣಿ ತಿದ್ದಬೇಕು, ಮೈಯ ಬಿಸಿಗೆ ತಂದು ಎಂದೋ, ಮೂವತ್ತೇಳು ಡಿಗ್ರಿ ಎಂದೋ, ಹೇಗೆ ಬರೆಯಲಿ, ಬರೆಯೋಣ, ಇನ್ನೊಂದು ಸಲ ನೋಡಿ ಬರೆಯೋಣ, ನಾಲ್ಕನೆಯ ತಟ್ಟೆ, ಐದು ಬೆರಳು, ನಾಲ್ಕು ಖಾಲಿ, ಐದನೆಯದರಲ್ಲಿ ಎಳೆ, ಬೆರಳಿನ ತುದಿ ಮುಟ್ಟಿದ ಒಂದು ಹಸಿರು ಎಳೆ, ಹಸಿರು ಎಳೆ, ತುದಿವರೆಗೂ