ಮೂರನೆಯ ಚಾರ್ಜರ್

ಟ್ಯಾಕ್ಸಿಯವನು ಮೊಬೈಲ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಬೆಳಗಿನಿಂದ ಓಡಿಸಿ ಓಡಿಸಿ ಸೊಂಟ ಬಿದ್ದುಹೋಗಿತ್ತು. ಆದರೂ ಇಳಿಯದೆ ವಿಧಿಯಿಲ್ಲ. ಒಳ್ಳೆಯ ಚಾರ್ಜರ್ ಇಲ್ಲದೆ ಮನೆಗೆ ಬಂದರೆ ನೆಟ್ಟಗಿರುವುದಿಲ್ಲ ಎಂದು ಅಕ್ಕ ಹೇಳಿ ಕಳಿಸಿದ್ದಳು.

ಅಕ್ಕನದೇನೂ ತಪ್ಪಿಲ್ಲ. ಅಪ್ಪನಿಗೆ ಮರೆವಿನ ಕಾಯಿಲೆ. ಎದುರಿಗಿರುವ ಮಗಳ ಹೆಸರೇ ಮರೆತುಹೋಗುತ್ತದೆ, ಮಗನ ಫೋನ್ ನಂಬರ್ ಮಾತ್ರ ಬಾಯಿಪಾಠ. ಗಳಿಗೆಗೊಮ್ಮೆ ಒತ್ತುತ್ತಾರೆ. "ಎಲ್ಲಿದ್ದೀಯೋ? ಯಾವಾಗ ಬರ್ತೀಯ?" ಸಂಜೆಗೆ ಎಂದರೆ ಸಮಾಧಾನ. ಫೋನ್ ಇಟ್ಟೊಡನೆ ಅದೂ ಮರೆತು, ಮತ್ತೆ ಅದೇ ಪ್ರಶ್ನೆ. ಮಧ್ಯಾಹ್ನದ ಹೊತ್ತಿಗೆ ಮಗನ ಮಾತು ತಾನಾಗಿಯೇ ಒರಟಾಗುತ್ತದೆ. ಮೊನ್ನೆ ಅವನ ಫೋನ್ ಚಾರ್ಜ್ ಇಲ್ಲದೆ ಸತ್ತಿತ್ತು. ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಅಪ್ಪ ಬಾಗಿಲು ತೆಗೆದು, ಮಗನನ್ನು ಹುಡುಕಿಕೊಂಡು ಬಸ್ಸು ಲಾರಿ ಓಡಾಡುವ ರಸ್ತೆಗೇ ಇಳಿದಿದ್ದರು. ಎದುರುಮನೆಯವರು ಕಂಡು ಕೈಹಿಡಿದು ಕರೆತಂದರು. ಇನ್ನೊಮ್ಮೆ ಅವರ ಕಣ್ಣಿಗೆ ಬೀಳುತ್ತಾರೆಂಬ ನಂಬಿಕೆಯಿಲ್ಲ.

ಅಂಗಡಿಯಾತನದೊಂದು ಪದ್ಧತಿ. ಗಿರಾಕಿಯ ಕಾರಿನಲ್ಲೇ ಹಾಕಿ ನೋಡದೆ ಯಾವ ಚಾರ್ಜರನ್ನೂ ಮಾರುವವನಲ್ಲ. ಬಂದು ಪಕ್ಕದ ಸೀಟಿನಲ್ಲಿ ಕೂತು, ಹಳೆಯದನ್ನು ಕಿತ್ತು ಮೂಸಿದ. ತುದಿ ಕರಗಿ ಕಪ್ಪಾಗಿತ್ತು.

"ಲೈಟೇನೋ ಉರೀತಿತ್ತು" ಎಂದ ಟ್ಯಾಕ್ಸಿಯವನು.

"ಲೈಟ್ ಉರಿದ್ರೆ ಫೋನಿಗೆ ಚಾರ್ಜ್ ಏರ್ತಿದೆ ಅಂತಲ್ಲ. ಹೋದ ಸಲಾನೂ ಹೇಳಿದ್ದೆ. ಇದು ಒಳಗೆ ಸರಿಯಾಗಿ ಕೂರಲ್ಲ, ಅಲ್ಲಾಡಿ ಅಲ್ಲಾಡಿ ಬಿಸಿಯಾಗುತ್ತೆ. ಪುಣ್ಯಕ್ಕೆ ಕಾರಿಗೆ ಬೆಂಕಿ ಹತ್ಕೊಂಡಿಲ್ಲ." ಜೇಬಿನಿಂದ ಇನ್ನೊಂದನ್ನು ತೆಗೆದ. "ಇದು ಬಿಗಿಯಾಗಿ ಕೂರುತ್ತೆ. ಬಿಸಿ ಜಾಸ್ತಿಯಾದ್ರೆ ತಾನೇ ನಿಂತುಹೋಗುತ್ತೆ. ಎರಡು ಸಲಾನೂ ಇದನ್ನೇ ತಗೊಳ್ಳಿ ಅಂದೆ. ರೇಟಲ್ಲೂ ಅಂಥ ವ್ಯತ್ಯಾಸ ಇಲ್ಲ. ಎರಡು ಸಲಾನೂ ಯಾಕೆ ಬೇಡ ಅಂದ್ರಿ?"

ಕಾರಣ ಟ್ಯಾಕ್ಸಿಯವನ ಒಳಗೆಲ್ಲೋ ಇತ್ತು. ಮೊದಲ ಸಲ ಫೋನ್ ಸತ್ತ ದಿನ ಅವನು ಮರದ ನೆರಳಲ್ಲಿ ಕಾರು ನಿಲ್ಲಿಸಿ ಮಲಗಿಬಿಟ್ಟಿದ್ದ. ಎಲ್ಲಿದ್ದೀಯ ಎಂದು ಕೇಳುವವರು ಯಾರೂ ಇರಲಿಲ್ಲ. ಅಂಥ ನಿದ್ದೆ ಬಂದು ಎಷ್ಟು ಕಾಲವಾಗಿತ್ತೋ. ಆಮೇಲಿಂದ ಅವನು ಚಾರ್ಜರಿನ ಲೈಟ್ ನೋಡುತ್ತಿದ್ದನೇ ಹೊರತು ಫೋನಿನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಬೇಕೆಂದೇ ಮಾಡಿದೆನೆಂದು ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ. ಈಗ ನಾಚಿಕೆಯಾಯಿತು, ಆದರೆ ಸುಸ್ತು ಅದಕ್ಕಿಂತ ದೊಡ್ಡದಿತ್ತು.

"ಅದನ್ನೇ ಹಾಕಿ" ಎಂದ.

ಚಾರ್ಜರ್ ಗಟ್ಟಿಯಾಗಿ ಕೂತಿತು. ಅಂಗಡಿಯಾತ ಫೋನಿನಲ್ಲಿ ಚಾರ್ಜ್ ಏರುವುದನ್ನು ತೋರಿಸಿ ಇಳಿದು ಹೋದ. ಅಷ್ಟರಲ್ಲಿ ರಿಂಗಾಯಿತು.

"ಹೇಳಪ್ಪಾ."

"ನೀನಾ? ಆ ಹುಡುಗಿ ಎಲ್ಲಿ?"

"ಯಾವ ಹುಡುಗಿ?"

"ನಿನ್ನ ಫೋನ್ ಎತ್ತುತ್ತಾಳಲ್ಲ, ಸ್ವಿಚ್ ಆಫ್ ಆಗಿದೆ, ಆಮೇಲೆ ಮಾಡಿ ಅಂತಾಳಲ್ಲ, ಅವಳು." ಅಪ್ಪನ ದನಿ ಮೆತ್ತಗಾಯಿತು. "ಪಾಪ, ಒಳ್ಳೆಯವಳು ಕಣೋ. ನಾನು ಎಷ್ಟು ಸಲ ಕೇಳಿದ್ರೂ ಒಂದಿನಾನೂ ಸಿಡುಕಿದವಳಲ್ಲ."