ತಮ್ಮನ ಕಫ, ಅಣ್ಣನ ಹೆಸರು

ಹಾಸಿಗೆ ಹೊಲಿಯುವವನ ಹೆಂಡತಿಗೆ ಗಂಡನ ಕೆಮ್ಮು ಕೇಳಿ ಕೇಳಿ ರೋಸಿಹೋಗಿತ್ತು. ತಿಂಗಳಾದರೂ ನಿಂತಿಲ್ಲ, ಸಂಜೆಯಾದರೆ ಮೈ ಬಿಸಿ, ಹಾಕಿದ ಅಂಗಿಯೆಲ್ಲ ದೊಗಲೆ. ಕೇಳಿದರೆ ಹತ್ತಿ ಧೂಳು ಅಂತ ಒಂದೇ ರಾಗ. ಹತ್ತಿ ಹಾರಿಹೋಗದಿರಲಿ ಅಂತ ಅವನೂ ಅವನ ತಮ್ಮನೂ ಕಿಟಕಿ ಬಾಗಿಲು ಮುಚ್ಚಿಕೊಂಡೇ ದಿನವಿಡೀ ಕೆಲಸ ಮಾಡುತ್ತಿದ್ದರು.

ಕೊನೆಗೆ ಅವಳೇ ಹಟ ಹಿಡಿದು ಆರೋಗ್ಯ ಕೇಂದ್ರದಿಂದ ಗಂಡನ ಹೆಸರು ಬರೆದ ಕಫದ ಡಬ್ಬಿ ತಂದಳು. ಬರೀ ಎಂಜಲು ಬೇಡ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕು ಅಂತ ನರ್ಸಮ್ಮ ಹೇಳಿದ್ದನ್ನೂ ತಿಳಿಸಿದಳು. ಮರುದಿನ ಬೆಳಿಗ್ಗೆ ಗಂಡ ಡಬ್ಬಿ ಕೊಟ್ಟು ಬಂದ. ಸಂಜೆ ನರ್ಸಮ್ಮನೇ ಮನೆಗೆ ಬಂದರು. ಯಂತ್ರದಲ್ಲಿಟ್ಟು ನೋಡಿದಾಗ ಕಫದಲ್ಲಿ ಕ್ಷಯ ಸಿಕ್ಕಿತ್ತು.

ಗಂಡ ನಕ್ಕುಬಿಟ್ಟ. "ನಿಮ್ಮ ಯಂತ್ರ ಸುಳ್ಳು ಹೇಳ್ತದೆ ನರ್ಸಮ್ಮ. ಅದು ನನ್ನ ಕಫಾನೇ ಅಲ್ಲ, ನನ್ನ ತಮ್ಮಂದು."

ಕ್ಷಯ ಅಂತ ಗೊತ್ತಾದರೆ ತಾನು ಹೊಲಿದ ಹಾಸಿಗೆಯನ್ನು ಯಾರೂ ಮುಟ್ಟುವುದಿಲ್ಲ ಅಂತ ಹೆದರಿ, ಗಟ್ಟಿಮುಟ್ಟಾಗಿದ್ದ ತಮ್ಮನ ಕೈಲಿ ಡಬ್ಬಿ ತುಂಬಿಸಿದ್ದನಂತೆ. ತಮ್ಮನಿಗೂ ಈಚೆಗೆ ಚೂರು ಕೆಮ್ಮಿತ್ತು. ಅದನ್ನು ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ.

ನರ್ಸಮ್ಮ ನಗಲಿಲ್ಲ. ಕ್ಷಯದ ಕ್ರಿಮಿಗೆ ಅದರದೇ ಆದ ವಂಶವಾಹಿ ಗುರುತು ಇರುತ್ತದೆ, ಕಫದಲ್ಲಿ ಅದು ಚೂರೇ ಇದ್ದರೂ ಯಂತ್ರ ಪತ್ತೆ ಹಚ್ಚುತ್ತದೆ ಎಂದರು. ಮುಖ್ಯವಾದ ಔಷಧಿ ಆ ಕ್ರಿಮಿಗೆ ನಾಟುತ್ತದೋ ಇಲ್ಲವೋ ಅಂತಲೂ ತಿಳಿಸುತ್ತದಂತೆ. ಆಮೇಲೆ ತಮ್ಮನ ಕಡೆ ತಿರುಗಿದರು. "ಹಾಗಾದ್ರೆ ಕಾಯಿಲೆ ನಿನಗಿದೆಯಪ್ಪಾ."

ತಮ್ಮ ತನ್ನ ಹೆಂಡತಿಯ ಕಡೆ ನೋಡಿದ. ಅವಳು ತುಂಬು ಬಸುರಿ. ಮೈಯೆಲ್ಲ ಉರಿದುಹೋಗಿ ಅತ್ತಿಗೆ ತನ್ನ ಗಂಡನ ಕಡೆ ತಿರುಗಿದಳು.

"ಹಾಸಿಗೆ ಯಾರು ಮುಟ್ತಾರೆ ಅಂತ ಯೋಚಿಸಿದ್ರಿ. ಮುಚ್ಚಿದ ಕೋಣೇಲಿ ಪಕ್ಕದಲ್ಲೇ ಕೂತವನ ಗತಿ ಏನು ಅಂತ ಯೋಚಿಸಿದ್ರಾ? ಹುಟ್ಟದೇ ಇರೋ ಕೂಸಿಗೂ ರೋಗ ಹಂಚೋಕೆ ಹೊರಟಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಅವಳು ಹೊಸ ಡಬ್ಬಿ ಕೊಟ್ಟು, ಗಂಡನನ್ನು ಹೊರಗೆ ಬಯಲಲ್ಲಿ ನಿಲ್ಲಿಸಿ, ಕಣ್ಣೆದುರೇ ಕಫ ತೆಗೆಸಿದಳು. ಅದರಲ್ಲೂ ಕ್ಷಯವಿತ್ತು. ಬಸುರಿಯ ತಪಾಸಣೆ ಮುಗಿಯುವವರೆಗೆ ಅವನು ತಲೆ ಎತ್ತಲಿಲ್ಲ. ಪುಣ್ಯಕ್ಕೆ ಅವಳಿಗೆ ತಗುಲಿರಲಿಲ್ಲ. ಈಗ ಅಣ್ಣತಮ್ಮ ಇಬ್ಬರೂ ಬಾಯಿಗೆ ಮಾಸ್ಕ್ ಕಟ್ಟಿ, ಮಾತ್ರೆ ನುಂಗುತ್ತಿದ್ದಾರೆ. ಕೋಣೆಯ ಕಿಟಕಿಯನ್ನು ಅತ್ತಿಗೆಯೇ ತೆರೆದಿಟ್ಟಿದ್ದಾಳೆ. ಹತ್ತಿ ಹಾರಿದರೆ ಹಾರಲಿ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಎರಡು ವಾರ ದಾಟಿದ ಕೆಮ್ಮಿದೆಯೇ? ಧೂಳಿನ ಮೇಲೆ ಹಾಕಿ ಸುಮ್ಮನೆ ಕೂರಬೇಡಿ. ಇವತ್ತೇ ಪರೀಕ್ಷೆ ಮಾಡಿಸಿ, ಜೊತೆಗಿರುವವರನ್ನೂ ಕರೆದುಕೊಂಡು ಹೋಗಿ, ಶುರು ಮಾಡಿದ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಡಬ್ಬಿಯ ಮೇಲೆ ನಿಮ್ಮ ಹೆಸರಿದ್ದರೆ, ಅದಕ್ಕೆ ಕೆಮ್ಮಬೇಕಾದವರು ನೀವೇ.